ಬಿಟ್ಟು ಓದಿದ ಸಾಲು

ನಮ್ಮ ನಾಟಕದ ಹ್ಯಾಂಡ್‌ಬಿಲ್ಲಿನಲ್ಲಿ ಎರಡು ಹೆಸರುಗಳನ್ನು ದಪ್ಪ ಅಕ್ಷರದಲ್ಲಿ ಹಾಕಿದ್ದಾರೆ. ಕಥೆ, ಸಂಭಾಷಣೆ, ಹಾಡು, ನಿರ್ದೇಶನ: ಆಡೂರಿನ ಉಳಿವೆಪ್ಪ ಕವಿಗಳು. ಸಂಗೀತ: ಸವಣೂರಿನ ಉಸ್ಮಾನಸಾಬ, ಪೇಟಿ ಮಾಸ್ತರ. ಆ ಎರಡನೆಯವನು ನಾನು. ನಲವತ್ತು ವರ್ಷ ಹಾರ್ಮೋನಿಯಂ ಬಾರಿಸಿ ಬೆರಳು ಸವೆಸಿದ ಮೇಲೆ ಹೆಸರು ದಪ್ಪಗಾಗಿದೆ. ತೀರಾ ಕೆಳಗೆ, ಶಾಮಿಯಾನ ಹಾಕಿದವನ ಹೆಸರಿಗಿಂತ ಒಂದೇ ಸಾಲು ಮೇಲೆ, 'ತಾಯಿಯ ಪಾತ್ರದಲ್ಲಿ ಕುಮಾರಿ ದುರಗವ್ವ, ಹಾನಗಲ್ಲ' ಎಂದಿದೆ. ನಲವತ್ತೇಳು ವರ್ಷದ ಹೆಂಗಸಿಗೆ ಕುಮಾರಿ ಎಂದು ಅಚ್ಚು ಹಾಕಿದ್ದನ್ನು ನೋಡಿ ನಾಟಕ ಕಮಿಟಿಯವರು ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಅದು ನೆನಪಾದರೆ ಈಗ ನನ್ನ ಕಪಾಳಕ್ಕೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ದುರಗವ್ವನ ಬದುಕನ್ನು ಯಾರೂ ಬರೆಯುವುದಿಲ್ಲ. ಬರೆದವನೊಬ್ಬನಿದ್ದಾನೆ, ಅವನು ಬರೆದ ರೀತಿಗೆ ಬೆಂಕಿ ಬೀಳಲಿ. ಅದಕ್ಕೇ ನಾನು ಕೂತಿದ್ದೇನೆ.

ಆಕೆ ಹಾನಗಲ್ಲ ತಾಲೂಕಿನವಳು. ತಾಯಿ ನಾಗವ್ವ ನಮ್ಮ ಕಂಪನಿಯಲ್ಲಿ ಅಡುಗೆ ಮಾಡುತ್ತಿದ್ದಳು. ಆಗ ನಾಟಕ ಕಂಪನಿ ಎಂದರೆ ತಂಬು, ಪರದೆ, ಮೂವತ್ತು ಮಂದಿ, ಒಂದು ಲಾರಿ. ಒಂದೊಂದು ಊರಲ್ಲಿ ಎರಡು ಮೂರು ತಿಂಗಳು ಮುಕ್ಕಾಂ. ದುರಗವ್ವ ಒಂಬತ್ತನೆಯ ವರ್ಷಕ್ಕೆ ಬಣ್ಣ ಹಚ್ಚಿದಳು. ಊರೂರು ತಿರುಗುವ ಹುಡುಗಿಗೆ ಯಾವ ಸಾಲೆ? ಅಕ್ಷರ ಬರಲಿಲ್ಲ. ಆದರೆ ಅಂಥ ಕಿವಿಯನ್ನು ನಾನು ಮತ್ತೆಲ್ಲಿಯೂ ಕಂಡಿಲ್ಲ. ಪುಟಗಟ್ಟಲೆ ಮಾತನ್ನು ಒಮ್ಮೆ ಓದಿ ಹೇಳಿದರೆ ಸಾಕು, ಎರಡನೆಯ ಸಲ ಆಕೆಯೇ ಹೇಳುತ್ತಿದ್ದಳು, ಒಂದು ಅಕ್ಷರ ಅತ್ತಿತ್ತ ಆಗುತ್ತಿರಲಿಲ್ಲ.

ಓದಿ ಹೇಳುತ್ತಿದ್ದವನು ಉಳಿವೆಪ್ಪ. ಅವನು ಕಂಪನಿಯ ಪ್ರಾಂಪ್ಟರ್. ಆಟ ನಡೆಯುವಾಗ ಪರದೆಯ ಮಗ್ಗುಲಲ್ಲಿ ನೋಟ್‌ಬುಕ್ ಹಿಡಿದು ನಿಂತು, ಮಾತು ಮರೆತವರಿಗೆ ಪಿಸುಗುಟ್ಟುವುದು ಅವನ ಕೆಲಸ. ಇನ್ನೊಂದು ಕೆಲಸವೂ ಇತ್ತು. ಆಟ ಉದ್ದವಾಗಿ ಮಂದಿ ಏಳತೊಡಗಿದರೆ, ಯಾವ ಮಾತು ಬಿಡಬೇಕು ಎಂದು ನಿಂತಲ್ಲೇ ತೀರ್ಮಾನ ಮಾಡಿ ಮುಂದಿನ ಸಾಲು ಓದಿಬಿಡುತ್ತಿದ್ದ. ನಟರು ಅವನು ಓದಿದ್ದನ್ನೇ ಹೇಳುತ್ತಿದ್ದರು. ನಡುವೆ ಸಾಲು ಹೋದದ್ದು ಯಾರಿಗೂ ತಿಳಿಯುತ್ತಿರಲಿಲ್ಲ. ಅದರಲ್ಲಿ ಅವನು ಭಾರಿ ಪಳಗಿದವನು. ದುರಗವ್ವ ಅವನನ್ನು ಅಣ್ಣ ಎಂದು ಕರೆಯುತ್ತಿದ್ದಳು.

ತೊಂಬತ್ತೆಂಟರಲ್ಲಿ ಶಿಗ್ಗಾಂವಿಯಲ್ಲಿ ಮುಕ್ಕಾಂ ಇದ್ದಾಗ ಹಿರೇಬೆಂಡಿಗೇರಿಯ ಮಹಾಂತೇಶ ಎಂಬ ಸಿಪಾಯಿ ರಜೆಯಲ್ಲಿ ಬಂದಿದ್ದ. ಒಂದೇ ನಾಟಕವನ್ನು ಏಳು ದಿನ ನೋಡಿದ. ಎಂಟನೆಯ ದಿನ ನನ್ನ ಕೈಯಲ್ಲಿ ಸವಣೂರಿನ ವೀಳ್ಯದೆಲೆಯ ಒಂದು ಕಟ್ಟು ಕೊಟ್ಟು, "ಹೀರೋಯಿನ್ ಬಾಯಾರಿಗೆ ಕೊಡ್ರಿ, ಸಿಪಾಯಿ ಕೊಟ್ಟಾನ ಅನ್ರಿ" ಎಂದ. ನಾನು ಕೊಟ್ಟೆ. ದುರಗವ್ವನಿಗೆ ಆಗ ಇಪ್ಪತ್ತು. ಎಲೆ ಮೆಲ್ಲುವ ಚಟ ಆಕೆಗೆ ಇರಲಿಲ್ಲ, ಆದರೂ ಆ ಕಟ್ಟನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಹದಿನೈದು ದಿನ ಬಾಡದಂತೆ ಕಾಪಾಡಿದಳು.

ಆಮೇಲೆ ಪತ್ರ ಶುರುವಾದವು. ನೀಲಿ ಇನ್‌ಲ್ಯಾಂಡ್ ಪತ್ರ ಕಂಪನಿಯ ವಿಳಾಸಕ್ಕೆ ಬರುತ್ತಿತ್ತು. ಅಡುಗೆ ತಂಬಿನ ಹಿಂದೆ, ನೀರಿನ ಪೀಪಾಯಿಯ ಹತ್ತಿರ ಉಳಿವೆಪ್ಪ ಓದಿ ಹೇಳುವುದು, ಆಕೆ ನಿಂತು ಕೇಳುವುದು. ಉತ್ತರವನ್ನು ಆಕೆ ಹೇಳಿದಂತೆ ಅವನು ಬರೆಯುವುದು. ಬಂದ ಪತ್ರವೆಲ್ಲ ಆಕೆಗೆ ಪಾತ್ರದ ಹಾಗೆ ಬಾಯಿಪಾಠ. ಸಂಜೆ ಮುಖಕ್ಕೆ ಬಣ್ಣ ಹಚ್ಚಿಕೊಳ್ಳುತ್ತ ಮಹಾಂತೇಶನ ಪತ್ರಗಳನ್ನು ತಾನೇ ತನಗೆ ಹೇಳಿಕೊಳ್ಳುತ್ತಿದ್ದಳು. ನಾವು ಕಿಚಾಯಿಸಿದರೆ ನಾಚುತ್ತಿರಲಿಲ್ಲ. "ನನ್ನ ಕಡೆ ಪೆಟಗಿ ಇಲ್ರಿ ಮಾಸ್ತರ, ಎಲ್ಲಾ ಹೊಟ್ಟ್ಯಾಗ ಇಟಗೊಂಡೇನಿ" ಎನ್ನುತ್ತಿದ್ದಳು.

ಮಾಲಕ ಲಕ್ಷ್ಮಪ್ಪನಿಗೆ ಇದು ಹಿಡಿಸಲಿಲ್ಲ. ಹೀರೋಯಿನ್ ಹೋದರೆ ತಂಬು ಮಲಗುತ್ತದೆ. ಸಿಪಾಯಿ ತಂಬಿನೊಳಗೆ ಕಾಲಿಡಕೂಡದು ಎಂದು ಹೇಳಿ ಕಳಿಸಿದ. ತೊಂಬತ್ತೊಂಬತ್ತರ ಬೇಸಿಗೆಯಲ್ಲಿ ನಾವು ಹಾನಗಲ್ಲದಲ್ಲಿದ್ದೆವು. ದಿನಾ ಹೌಸ್‌ಫುಲ್. ಮೇ ತಿಂಗಳಲ್ಲಿ ಒಂದು ಪತ್ರ ಬಂತು. ಉಳಿವೆಪ್ಪ ಓದಿದ. ರಜೆಗೆ ಬಂದಿದ್ದೆ, ರಜೆ ಮುಗಿಯಿತು, ನಮ್ಮನ್ನು ಮೇಲೆ ಗುಡ್ಡಕ್ಕೆ ಹಾಕಿದ್ದಾರೆ, ಹೋಗುತ್ತೇನೆ, ದೇವರು ಇಟ್ಟಂಗೆ ಆಗಲಿ. ಅಷ್ಟೇ. ಊರ ಹತ್ತಿರ ಬಂದವನು ಮುಖ ತೋರಿಸದೆ ಹೋದ ಎಂದು ದುರಗವ್ವ ಎರಡು ದಿನ ಅನ್ನ ಬಿಟ್ಟಳು. ಆಮೇಲೆ ಯುದ್ಧ ಶುರುವಾಯಿತು. ಆಕೆ ಸಿಟ್ಟು ನುಂಗಿ ಮೂರು ಪತ್ರ ಬರೆಸಿದಳು. ಒಂದಕ್ಕೂ ಉತ್ತರ ಬರಲಿಲ್ಲ. ದೀಪಾವಳಿ ಮುಗಿದು ನಾವು ಹಿರೇಕೆರೂರಿನಲ್ಲಿದ್ದಾಗ ಸುದ್ದಿ ಬಂತು. ಮಹಾಂತೇಶ ಜೀವಂತ ಬಂದಿದ್ದಾನೆ, ಅವರ ನೆಂಟರ ಪೈಕಿಯದೇ ಹುಡುಗಿಯ ಜೊತೆ ಲಗ್ನವೂ ಆಯಿತು. ಅವತ್ತು ಸಂಜೆ ದುರಗವ್ವ ಪಾತ್ರ ಮಾಡಿದಳು, ಒಂದು ಮಾತೂ ತಪ್ಪಲಿಲ್ಲ. ಪರದೆ ಬಿದ್ದ ಮೇಲೆ, "ನಾಟಕದಾಕಿನ್ನ ಯಾರರೆ ಖರೇ ಅಂತ ತಿಳಕೊಂತಾರೇನ್ರಿ?" ಎಂದು ನನ್ನನ್ನು ಕೇಳಿದಳು.

ಇಪ್ಪತ್ತಾರು ವರ್ಷ ಆ ಪ್ರಶ್ನೆಯ ಮೇಲೆಯೇ ಬದುಕಿದಳು. ಲಗ್ನ ಆಗಲಿಲ್ಲ. ಕೇಳಿದವರಿದ್ದರು, ಆಕೆ ಯಾರನ್ನೂ ನಂಬಲಿಲ್ಲ. ಕಂಪನಿ ಮುಚ್ಚಿತು, ಲಕ್ಷ್ಮಪ್ಪ ತೀರಿಕೊಂಡ. ಹಳ್ಳಿಯವರು ಆಡುವ ನಾಟಕಗಳಿಗೆ ಹೀರೋಯಿನ್ ಆಗಿ ಹೋದಳು, ಮೈ ಬಂದ ಮೇಲೆ ಅತ್ತಿಗೆ ಆದಳು, ಕೂದಲು ನೆರೆತ ಮೇಲೆ ತಾಯಿ ಆದಳು. ಈಗ ಹಾನಗಲ್ಲದ ಒಂದು ಖಾನಾವಳಿಗೆ ಮುಂಜಾನೆ ರೊಟ್ಟಿ ಬಡಿಯುತ್ತಾಳೆ. ಗಂಡಸರ ಮಾತು ಬಂದರೆ ಉಗುಳುತ್ತಾಳೆ. ನಾವೆಲ್ಲ ಅದನ್ನು ಆಕೆಯ ಸ್ವಭಾವ ಎಂದುಕೊಂಡಿದ್ದೆವು.

ಹೋದ ವರ್ಷ ಟಿವಿಯಲ್ಲಿ ಯುದ್ಧದ ಸುದ್ದಿ ಬಂದದ್ದೇ ತಡ, ಊರೂರಿನ ಕಮಿಟಿಗಳಿಗೆ ಸಿಪಾಯಿ ನಾಟಕವೇ ಬೇಕಾಯಿತು. ಉಳಿವೆಪ್ಪ ಈಗ ಕವಿ, ಹತ್ತೆಂಟು ನಾಟಕ ಅಚ್ಚಾಗಿವೆ. ಚೀಲ ಹೊತ್ತು ಸವಣೂರಿಗೆ ನನ್ನ ಮನೆಗೆ ಬಂದ. ನಾಟಕದ ಹೆಸರು 'ಹಿಮದ ಮ್ಯಾಲ ಕುಂಕುಮ' ಅರ್ಥಾತ್ 'ಯೋಧನ ಓಲೆ'. ನಮ್ಮ ಕಡೆ ನಾಟಕಕ್ಕೆ ಒಂದು ಹೆಸರು ಸಾಲುವುದಿಲ್ಲ. ಒಬ್ಬ ಸಿಪಾಯಿ, ಒಬ್ಬ ಹುಡುಗಿ, ನಡುವೆ ಪತ್ರಗಳು, ಕೊನೆಗೆ ಅವನು ಗುಡ್ಡದ ಮೇಲೆ ಸಾಯುತ್ತಾನೆ, ಹನ್ನೊಂದು ಹಾಡು.

"ಇದು ದುರಗವ್ವಂದಲ್ಲೋ ಮಾರಾಯಾ" ಎಂದೆ.

"ಆಕೀನ್ನ ಕೇಳೇನಿ. ಹೂಂ ಅಂದಾಳ" ಎಂದ.

ನಾನು ಹಾನಗಲ್ಲಕ್ಕೆ ಹೋದಾಗ ಆಕೆಯನ್ನೇ ಕೇಳಿದೆ. ಹಿಟ್ಟು ನಾದುತ್ತಿದ್ದಳು. "ಬರಕೊಳ್ಳಿ ಬಿಡ್ರಿ ಮಾಸ್ತರ. ನನಗಂತೂ ಉಪಯೋಗಕ್ಕ ಬರಲಿಲ್ಲ, ಅಣ್ಣಗರೆ ಬರಲಿ. ಕಡೀಕ ಅಂವನ್ನ ಸಾಯಿಸ್ತಾನಂತ. ಚಲೋ ಆತು, ನನ್ನ ಕೈಲಂತೂ ಆಗಲಿಲ್ಲ" ಎಂದು ನಕ್ಕಳು. ನಾಯಕಿಯ ಪಾತ್ರಕ್ಕೆ ಶಿಗ್ಗಾಂವಿಯ ಪೂಜಾ ಎಂಬ ಬಿ.ಎಡ್. ಓದುವ ಹುಡುಗಿ ಸಿಕ್ಕಿದ್ದಳು, ಒಳ್ಳೆಯ ಕಂಠ. ದುರಗವ್ವನಿಗೆ ಸಿಪಾಯಿಯ ತಾಯಿಯ ಪಾತ್ರ. ತನ್ನನ್ನು ಬಿಟ್ಟುಹೋದವನ ತಾಯಿಯಾಗುವುದು! ಉಳಿವೆಪ್ಪನಿಗೆ ಅದರಲ್ಲಿ ಏನೂ ವಿಚಿತ್ರ ಕಾಣಲಿಲ್ಲ. ಖರೆ ಹೇಳಬೇಕೆಂದರೆ ನನಗೂ ಕಾಣಲಿಲ್ಲ.

ರಾಗ ಕಟ್ಟಲು ಅವನು ನನಗೆ ಒಂದು ಬಿಸ್ಕೀಟಿನ ಡಬ್ಬಿ ತಂದುಕೊಟ್ಟ. ಒಳಗೆ ಮಹಾಂತೇಶನ ಪತ್ರಗಳು, ಆಗ ಓದಿ ಹೇಳಿದ ಮೇಲೆ ಅವನೇ ಇಟ್ಟುಕೊಂಡಿದ್ದವು. "ಹಾಡಿನ ಕಸುವೆಲ್ಲಾ ಇದರಾಗ ಐತಿ, ಓದಿ ನೋಡ್ರಿ" ಎಂದ. ಓದಿದೆ. ಮೇ ತಿಂಗಳ ಪತ್ರದಲ್ಲಿ ಒಂದು ಮಾತಿತ್ತು. ಅದನ್ನೇ ಉಳಿವೆಪ್ಪ ಹಾಡು ಮಾಡಿದ್ದ, ಹೆಚ್ಚು ಕಡಿಮೆ ಇದ್ದ ಹಾಗೇ:

ಯಲವಿಗಿ ಸ್ಟೇಷನ್ನಿನ ನಳದ ಬಾಜೂಕ
ಸೋಮಾರ ಮುಂಜಾನೆ ನಿಂತಿರತೇನಿ,
ಬಂದ್ರ ಇಬ್ಬರು, ಬರದಿದ್ರ ಒಬ್ಬನ,
ಮತ್ತ ನಾ ನಿನಗ ಕೇಳೂದಿಲ್ಲ.

ಆ ನಾಲ್ಕು ಸಾಲಿಗೆ ಎರಡು ವಾರ ಕೂತೆ. 'ಮತ್ತ ನಾ' ಎಂಬಲ್ಲಿ ಸ್ವರ ಇಳಿಸಿ, 'ಕೇಳೂದಿಲ್ಲ' ಎಂಬುದನ್ನು ಅಲ್ಲೇ ನಿಲ್ಲಿಸಿದೆ. ಅಂಥ ರಾಗ ನನ್ನ ಕೈಯಿಂದ ಮತ್ತೊಂದು ಆಗಿಲ್ಲ, ಇನ್ನು ಆಗುವುದೂ ಇಲ್ಲ. ನಡುವೆ ಒಮ್ಮೆ ಮನಸ್ಸಿಗೆ ಬಂದಿತ್ತು: ಇಷ್ಟು ಕರೆದರೂ ದುರಗವ್ವ ಹೋಗಲಿಲ್ಲವೇ? ಸ್ಟೇಜಿನ ಚಪ್ಪಾಳೆಯ ರುಚಿ ಬಿಡಲಾಗಲಿಲ್ಲವೇನೋ, ಹೋಗದೆ ಇಷ್ಟು ವರ್ಷ ಅವನನ್ನೇ ಬೈದಳಲ್ಲ ಎಂದು ಆಕೆಯ ಮೇಲೆ ಬೇಸರ ಮಾಡಿಕೊಂಡೆ. ಕೇಳಬಹುದಿತ್ತು. ರಾಗದ ಗುಂಗಿನಲ್ಲಿ ಕೇಳಲಿಲ್ಲ.

ಸವಣೂರಿನ ಹಳೆಯ ಹತ್ತಿ ಗೋದಾಮಿನಲ್ಲಿ ಪ್ರತಿ ರವಿವಾರ ತಾಲೀಮು. ತಾಯಿಯ ಪಾತ್ರ ಇಲ್ಲದ ದೃಶ್ಯಗಳ ದಿನ ದುರಗವ್ವನನ್ನು ಕರೆಯುತ್ತಿರಲಿಲ್ಲ. ಆ ಹಾಡನ್ನು ಪೂಜಾ ಮೊದಲ ಸಲ ಪೂರ್ತಿ ಹಾಡಿದ ರವಿವಾರ ಆಕೆ ಕರೆಯದೇ ಬಂದಳು. ಖಾನಾವಳಿಗೆ ಸೂಟಿ ಇತ್ತು, ಬಸ್ಸು ಹೆಂಗಸರಿಗೆ ಪುಕ್ಕಟೆ, ನಮಗೆಲ್ಲ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಬಂದಿದ್ದಳು. ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದವಳು ಒಂದು ಕಾಲು ಚಪ್ಪಲಿಯಲ್ಲೇ ನಿಂತು ಹಾಡು ಮುಗಿಯುವವರೆಗೆ ಕೇಳಿದಳು.

"ಅಣ್ಣಾ, ಇದು ನೀ ಬರದದ್ದಾ?" ಎಂದಳು.

"ಹೂಂ. ನನ್ನ ಕಲ್ಪನೆ" ಎಂದ ಉಳಿವೆಪ್ಪ. ಅವನ ಮುಖದ ಬಣ್ಣ ಬದಲಾದದ್ದನ್ನು ನಾನು ನೋಡಿದೆ. ಆಗ ನನಗೆ ಎಲ್ಲ ತಿಳಿಯಿತು. ಓದುವವನು ತಾನು ಯಾವ ಸಾಲು ಬಿಟ್ಟೆ ಎಂಬುದನ್ನು ಕಾಲು ಶತಮಾನದಲ್ಲಿ ಮರೆತಿದ್ದ. ಕೇಳಿದವಳು ಒಂದು ಅಕ್ಷರವನ್ನೂ ಮರೆತಿರಲಿಲ್ಲ.

ಆಕೆ ನನ್ನ ಕಡೆ ತಿರುಗಿದಳು. "ಮಾಸ್ತರ, ನೀವ ಹೇಳ್ರಿ. ಉಳದ ಹಾಡು ಎಲ್ಲಾ ನನ್ನ ಪತ್ರದಾಗಿನವು, ನನಗ ಗುರತ ಅದಾವ. ಇದೊಂದು ನನ್ನ ಹೊಟ್ಟ್ಯಾಗ ಇಲ್ಲ. ಇದು ಎಲ್ಲೀದು?"

ಪತ್ರ ನನ್ನ ಪೇಟಿಯ ಮೇಲೆಯೇ ಇತ್ತು. ಉಳಿವೆಪ್ಪ ಕಣ್ಣಲ್ಲೇ ಬೇಡ ಎಂದ. ನಾನು ಪತ್ರ ತೆಗೆದು ಆಕೆಯ ಕೈಗೆ ಕೊಟ್ಟೆ. ನನ್ನ ಬದುಕಿನಲ್ಲಿ ಮಾಡಿದ ಒಳ್ಳೆಯ ಕೆಲಸ ಎಂದರೆ ಬಹುಶಃ ಅದೊಂದೇ, ಅದೂ ತಡವಾಗಿ. ಆಕೆ ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು. ಆಮೇಲೆ ಪೂಜಾಳ ಹತ್ತಿರ ಹೋಗಿ, "ನೀ ಓದವ್ವಾ. ಒಂದು ಸಾಲೂ ಬಿಡಬ್ಯಾಡ" ಎಂದಳು.

ಪೂಜಾ ಓದಿದಳು. ರಜೆ ಮುಗಿಯಿತು, ನಮ್ಮನ್ನು ಮೇಲೆ ಗುಡ್ಡಕ್ಕೆ ಹಾಕಿದ್ದಾರೆ. ಮನೆಯಲ್ಲಿ ನಿನ್ನ ಮಾತು ಹೇಳಿದ್ದೇನೆ, ಅವ್ವ ಅತ್ತಳು, ಅಪ್ಪ ಒಪ್ಪಲಿಲ್ಲ, ನಾನು ಕೇಳುವವನಲ್ಲ. ನಿಮ್ಮ ಮಾಲಕರು ತಂಬಿನೊಳಗೆ ಬಿಡುವುದಿಲ್ಲ, ಅದಕ್ಕೆ ನೀನೇ ಬಾ. ಹದಿನೇಳು, ಸೋಮವಾರ ಮುಂಜಾನೆಯ ಗಾಡಿಗೆ ಯಲವಿಗಿ ಸ್ಟೇಷನ್ನಿನಲ್ಲಿ ನೀರಿನ ನಳದ ಬಾಜೂಕೆ ನಿಂತಿರುತ್ತೇನೆ. ಬಂದರೆ ಲಗ್ನ ಮಾಡಿಕೊಂಡೇ ಹೋಗುತ್ತೇನೆ. ಬರದಿದ್ದರೆ ನಿನಗೆ ಮನಸ್ಸಿಲ್ಲ ಎಂದು ತಿಳಿಯುತ್ತೇನೆ, ಮತ್ತೆ ಕೇಳುವುದಿಲ್ಲ. ದೇವರು ಇಟ್ಟಂಗೆ ಆಗಲಿ.

"ದೇವರು ಇಟ್ಟಂಗ ಆಗಲಿ, ಇದು ಕೇಳೇನಿ" ಎಂದಳು ದುರಗವ್ವ. "ರಜಾ ಮುಗೀತು, ಗುಡ್ಡಕ್ಕ ಹಾಕ್ಯಾರ, ಅದೂ ಕೇಳೇನಿ. ನಡುವಿಂದು ಕೇಳಿಲ್ಲ."

ಉಳಿವೆಪ್ಪ ಅಳತೊಡಗಿದ. ಅವನಿಗೆ ಅಳು ಬೇಗ ಬರುತ್ತದೆ. "ಮಾಲಕ ಹೇಳಿದ್ರವಾ. ನೀ ಹೋದ್ರ ತಂಬೂ ಬೀಳತಿತ್ತು. ಮೂವತ್ತು ಮಂದಿ ಅನ್ನದ ಪ್ರಶ್ನೆ ಇತ್ತು."

"ನಾ ಬರಸಿದ ಮೂರು ಪತ್ರ?"

ಅವನು ನಾಟಕದ ನೋಟ್‌ಬುಕ್ಕಿನ ಕಡೆ ನೋಡಿದ. ಅವು ಅಂಚೆ ಡಬ್ಬಿಯನ್ನೇ ಕಂಡಿರಲಿಲ್ಲ. ನಾಟಕದ ಎರಡನೆಯ ಅಂಕದಲ್ಲಿ ನಾಯಕಿ ಅಳುತ್ತ ಹೇಳುವ ಮಾತುಗಳಿದ್ದವಲ್ಲ, ಮಂದಿ ಕಣ್ಣೊರೆಸಿಕೊಳ್ಳಲಿ ಎಂದು ಬರೆದದ್ದು, ಅವು ಆ ಮೂರು ಪತ್ರಗಳೇ.

ದುರಗವ್ವ ಬೈಯಲಿಲ್ಲ. ಬೈದಿದ್ದರೆ ನಮಗೆ ಹಗುರಾಗುತ್ತಿತ್ತು. ರೊಟ್ಟಿಯ ಗಂಟನ್ನು ಗೋಡೆಯ ಹತ್ತಿರ ಇಟ್ಟು ಕೂತಳು. ಆ ಮೂವತ್ತು ಮಂದಿಯಲ್ಲಿ ನಾನೂ ಒಬ್ಬ ಎಂಬುದು ಆಕೆಗೆ ಗೊತ್ತಿತ್ತು, ನನಗೂ ಗೊತ್ತಿತ್ತು. ಆ ವರ್ಷ ನನ್ನ ಮಗ ರಮೀಜ ಹುಟ್ಟಿದ್ದ, ಅವನ ಹಾಲಿಗೆ ಕಂಪನಿಯ ಪಗಾರವೇ ಗತಿಯಾಗಿತ್ತು. ನನಗೆ ಏನೂ ಗೊತ್ತಿರಲಿಲ್ಲ ಎಂಬುದು ಖರೆ. ಆದರೂ ಉಂಡವನು ನಾನು.

ಆಮೇಲೆ ಆಕೆ ಕೇಳಿದ ಪ್ರಶ್ನೆ ಒಂದೇ. "ಶಿಗ್ಗಾಂವಿ ಆಟಕ್ಕ ಅಂವ ಬರಾಂವ ಅದಾನಂತಲ್ಲ?"

ಹೌದು. ನಮ್ಮ ನಾಟಕಗಳಲ್ಲಿ ನಡುವೆ ಪರದೆ ಬಿಟ್ಟು ಸನ್ಮಾನ ಮಾಡುವ ಪದ್ಧತಿ ಇದೆ. ಯುದ್ಧದ ನಾಟಕ ಎಂದ ಮೇಲೆ ನಿವೃತ್ತ ಸೈನಿಕರಿಗೆ ಶಾಲು ಹೊದಿಸಬೇಕು ಎಂದು ಶಿಗ್ಗಾಂವಿಯ ಕಮಿಟಿ ಠರಾವು ಮಾಡಿತ್ತು. ನಿವೃತ್ತ ಸುಬೇದಾರ ಮಹಾಂತೇಶರ ಹೆಸರು ಹ್ಯಾಂಡ್‌ಬಿಲ್ಲಿನಲ್ಲಿ ಬಂದಿತ್ತು.

"ನಾ ಪಾತ್ರ ಬಿಡೂದಿಲ್ಲ" ಎಂದಳು. ಪೂಜಾಳಿಗೆ ತಡೆಯಲಾಗಲಿಲ್ಲ. "ಚಿಗವ್ವಾ, ನೀವು ಹಿರೇಬೆಂಡಿಗೇರಿಗೆ ಹೋಗಿ ಹೇಳಬಾರದ್ಯಾಕ? ನಾನೂ ಬರ್ತೇನಿ" ಎಂದಳು.

"ನಾಟಕದಾಕಿ ಹೋಗಿ ಬಾಗಲಾ ಬಡದ್ರ ಆ ಹೆಣಮಗಳ ಗತಿ ಏನವ್ವಾ? ಆಕಿ ಏನ ತಪ್ಪ ಮಾಡ್ಯಾಳ?" ಎಂದಳು ದುರಗವ್ವ. "ನನಗ ಅಂವ ಬ್ಯಾಡ. ಇನ್ನೇನ ಮಾಡೂದೈತಿ ಅಂವನ್ನ ತಗೊಂಡು. ಮನಸ್ಸಿಲ್ಲದಕ್ಕ ಬರಲಿಲ್ಲ ಅಂತ ತಿಳಕೊಂಡಾನಲ್ಲ, ಅದೊಂದು ಹೋಗಬೇಕು."

ಅದೊಂದು ಹೋಗಬೇಕು. ಆಕೆಗೆ ಬೇಕಾದದ್ದು ಅಷ್ಟೇ.

ಶಿಗ್ಗಾಂವಿಯಲ್ಲಿ ಆಟ ಸಂಜೆ ಆರಕ್ಕೆ. ಸಾಲೆಯ ಮೈದಾನ ತುಂಬಿತ್ತು. ನಾನು ಸ್ಟೇಜಿನ ಬಲ ಅಂಚಿನಲ್ಲಿ ಪೇಟಿ ಇಟ್ಟುಕೊಂಡು ಕೂತಿದ್ದೆ. ಮುಂದಿನ ಸಾಲಿನಲ್ಲಿ ಮಹಾಂತೇಶ, ಪಕ್ಕದಲ್ಲಿ ಹೆಂಡತಿ. ತಲೆ ಬೆಳ್ಳಗಾಗಿದೆ, ಬೆನ್ನು ಇನ್ನೂ ನೆಟ್ಟಗಿದೆ. ಪೂಜಾ ಯಲವಿಗಿಯ ಹಾಡು ಎತ್ತಿಕೊಂಡಾಗ ಅವನು ಖುರ್ಚಿಯ ಕೈ ಹಿಡಿದ. ಹಾಡು ಮುಗಿದು ಮಂದಿ 'ಒನ್ಸ್ ಮೋರ್' ಎಂದು ಕೂಗಿದರೂ ಅವನು ತಲೆ ಎತ್ತಲಿಲ್ಲ. ತನ್ನ ಪತ್ರವನ್ನು ಆಕೆಯೇ ಊರ ಮುಂದೆ ಇಟ್ಟಳು ಎಂದುಕೊಂಡಿರಬೇಕು. ಎರಡನೆಯ ಸಲ ಆ ಹಾಡು ಬಾರಿಸುವಾಗ ನಾನು ಮುಂದಿನ ಸಾಲಿನ ಕಡೆ ನೋಡಲಿಲ್ಲ.

ಮುಂದಿನ ದೃಶ್ಯ ತಾಯಿಯದು. ಗಡಿಯಿಂದ ಮಗನ ಪತ್ರ ಬರುತ್ತದೆ. ಓದು ಬಾರದ ತಾಯಿ ಅದನ್ನು ಸೊಸೆಯಾಗಬೇಕಾದ ಹುಡುಗಿಯ ಕೈಗೆ ಕೊಟ್ಟು, 'ಓದವ್ವಾ ಮಗಳ, ನನ್ನ ಮಗ ಏನ ಬರದಾನ' ಎನ್ನಬೇಕು. ಅಷ್ಟೇ ಇತ್ತು ಉಳಿವೆಪ್ಪನ ಬರವಣಿಗೆಯಲ್ಲಿ. ದುರಗವ್ವ ಅದನ್ನು ಹೇಳಿದಳು. ಪತ್ರ ಕೊಡಲು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು. ಪೂಜಾಳನ್ನು ಬಿಟ್ಟು ಮುಂದಿನ ಸಾಲನ್ನು ನೋಡುತ್ತ ಹೇಳಿದಳು.

"ಒಂದು ಸಾಲೂ ಬಿಡಬ್ಯಾಡ ಮತ್ತ. ನನಗ ಓದಾಕ ಬರೂದಿಲ್ಲ. ಓದಿ ಹೇಳಿದಷ್ಟ ನನ್ನ ಪಾಲಿಗೆ ಬಂದದ್ದು. ಹಿಂದಕ ಒಮ್ಮೆ ಓದಾಂವ ನಡುವಿಂದೊಂದು ಸಾಲು ಬಿಟ್ಟ, ನನಗ ಮನಸ್ಸಿಲ್ಲ ಅಂತ ತಿಳಕೊಂಡು ಒಬ್ಬಾಂವ ಹೋದ. ಆ ಸಾಲು ನನ್ನ ಕಿವೀಗಿ ಬಿದ್ದಿದ್ರ ನಾ ಬರಿಗಾಲಿಲೆ ಬರತಿದ್ದೆ."

ಪರದೆಯ ಮಗ್ಗುಲಿಂದ ಉಳಿವೆಪ್ಪ, "ಅದು ಇಲ್ಲ, ಅದು ಇಲ್ಲ, ಮುಂದ ಹೋಗು" ಎಂದು ಪಿಸುಗುಟ್ಟುತ್ತಿದ್ದ. ಮೈದಾನದ ತುಂಬ ಚಪ್ಪಾಳೆ, ಸಿಳ್ಳು. ಹೆಂಗಸರ ಕಡೆಯಿಂದ ಯಾರೋ ಗಟ್ಟಿಯಾಗಿ ಅತ್ತರು. ಮಹಾಂತೇಶ ಚಪ್ಪಾಳೆ ಹೊಡೆಯಲಿಲ್ಲ. ಆಕೆಯನ್ನೇ ನೋಡುತ್ತಿದ್ದ.

ಆ ದೃಶ್ಯ ಆದ ಮೇಲೆ ಸನ್ಮಾನ. ಮೈಕಿನವನು ಹೆಸರು ಕೂಗಿದ. ಯೋಧನ ತಾಯಿಯ ಕೈಯಿಂದಲೇ ಯೋಧರಿಗೆ ಆರತಿ ಎಂದು ಕಮಿಟಿಯವರು ಮೊದಲೇ ಯೋಚನೆ ಮಾಡಿ ಇಟ್ಟಿದ್ದರು. ನೆರೆತ ಕೂದಲಿನ ಮೇಲೆ ಇನ್ನಷ್ಟು ಬಿಳಿ ಬಳಿದುಕೊಂಡ ದುರಗವ್ವ ತಟ್ಟೆ ಹಿಡಿದು ನಿಂತಳು. ಮಹಾಂತೇಶ ಮೆಟ್ಟಿಲು ಹತ್ತಿ ಬಂದು ಎದುರು ನಿಂತ. ನನ್ನಿಂದ ಒಂದೇ ಮಾರು ದೂರ. ಲೌಡ್‌ಸ್ಪೀಕರಿನಲ್ಲಿ ದೇಶಭಕ್ತಿಯ ಭಾಷಣ ನಡೆದಿತ್ತು.

"ಯಾವ ಸಾಲು?" ಎಂದು ಕೇಳಿದ.

"ಸೋಮವಾರದ್ದು" ಎಂದಳು.

"ಓದಿ ಹೇಳಿರಲಿಲ್ಲಾ?"

"ಇಲ್ರಿ. ಹ್ವಾದ ತಿಂಗಳ ತಾಲೀಮಿನ್ಯಾಗ ಕೇಳೇನಿ."

ಆರತಿಯ ತಟ್ಟೆ ಒಂದು ಸುತ್ತು ಬಂತು. "ನಾ ಆ ಗಾಡಿ ಬಿಟ್ಟೆ" ಎಂದ. "ಮಧ್ಯಾಹ್ನದ ಗಾಡಿ ತನಕ ನಿಂತಿದ್ದೆ." ಆಕೆ ಅವನ ಹಣೆಗೆ ಕುಂಕುಮ ಹಚ್ಚಿದಳು. ಆಗ ಫೋಟೊದವನು ಬಂದ, ಕವಿಗಳೂ ಬರಬೇಕು ಎಂದು ಯಾರೋ ಕೂಗಿದರು, ಉಳಿವೆಪ್ಪ ಹಾರ ಹಾಕಿಸಿಕೊಂಡು ಬಂದು ಇಬ್ಬರ ನಡುವೆ ನಿಂತ. ಮರುದಿನದ ಪೇಪರಿನಲ್ಲಿ ಆ ಫೋಟೊ ಬಂದಿದೆ. ಎಡಕ್ಕೆ ಮಹಾಂತೇಶ, ಬಲಕ್ಕೆ ದುರಗವ್ವ, ನಡುವೆ ನಗುತ್ತಿರುವವನು ಉಳಿವೆಪ್ಪ. ಕೆಳಗೆ ಮೂವರ ಪೈಕಿ ಇಬ್ಬರ ಹೆಸರಿದೆ. ದುರಗವ್ವ ಅದರಲ್ಲಿ 'ಕಲಾವಿದೆ'.

ಮಹಾಂತೇಶ ಕೆಳಗಿಳಿದು ಹೆಂಡತಿಯ ಪಕ್ಕ ಕೂತು ಆಟ ಮುಗಿಯುವವರೆಗೂ ನೋಡಿದ. ತನ್ನ ಹೆಸರಿಲ್ಲದ ತಾನು ಗುಡ್ಡದ ಮೇಲೆ ಸಾಯುವುದನ್ನೂ ನೋಡಿದ. ಆಮೇಲೆ ಜೀಪು ಹತ್ತಿ ಹೋದ. ಮತ್ತೆ ಅವನಿಂದ ಮಾತಿಲ್ಲ, ಪತ್ರವಿಲ್ಲ. ಇರಬೇಕಾಗಿಯೂ ಇಲ್ಲ.

ನಾನು ಉಳಿವೆಪ್ಪನ ಮುಖ ನೋಡಬಾರದು ಎಂದುಕೊಂಡಿದ್ದೆ. ಮರುದಿನ ಮುಂಜಾನೆ ಅವನೇ ಬಂದ. ಕೈಯಲ್ಲಿ ನಾಟಕದ ನೋಟ್‌ಬುಕ್, ಕಿವಿಯ ಸಂದಿಯಲ್ಲಿ ಕೆಂಪು ಪೆನ್ನು. "ಏನ ಡೈಲಾಗ ಹೊಡದ್ಲು ಮಾಸ್ತರ! ಬೆಂಕಿ! ಅದ ಆಟದ ಜೀವ ಆಗೇತಿ ಈಗ. ನೀವು ಬಾಜೂಕ ಕುಂತಿದ್ರಿ, ಬರೋಬ್ಬರಿ ಹೆಂಗ ಅಂದ್ಲು ಹೇಳ್ರಿ, ಬರಕೊಂತೇನಿ" ಎಂದ.

ನನಗೆ ಕೈಯಲ್ಲಿದ್ದ ಚಾ ಅವನ ಮುಖಕ್ಕೆ ಎರಚಬೇಕು ಅನ್ನಿಸಿತು. ಎರಚಲಿಲ್ಲ. "ನನಗ ನೆನಪಿಲ್ಲ" ಎಂದೆ. ಅವನು ಮೊಬೈಲಿನಲ್ಲಿ ಯಾರೋ ಹಿಡಿದ ವಿಡಿಯೋ ತೆಗೆದ, ಮೂರು ಸಲ ಕೇಳಿ ಬರೆದುಕೊಂಡ. ಅವನಲ್ಲಿ ಕೆಟ್ಟ ಬುದ್ಧಿ ಇರಲಿಲ್ಲ ಎಂದು ನಾನು ಪ್ರಮಾಣ ಮಾಡಿ ಹೇಳಬಲ್ಲೆ. ಅದೇ ಹೆಚ್ಚು ಅಸಹ್ಯ.

ಮುಂದಿನ ಆಟ ಹಿರೇಕೆರೂರಿನಲ್ಲಿ. ದುರಗವ್ವ ಬಂದಳು. ಪಗಾರಿಗೆ ಒಪ್ಪಿಕೊಂಡ ಆಟ, ಬಿಟ್ಟರೆ ಖಾನಾವಳಿಯ ರೊಟ್ಟಿಯೊಂದೇ ಗತಿ. ತಾಯಿಯ ದೃಶ್ಯ ಬಂತು. 'ಓದವ್ವಾ ಮಗಳ' ಎಂದಳು. ಪರದೆಯ ಮಗ್ಗುಲಿಂದ ಉಳಿವೆಪ್ಪನ ದನಿ ಬಂತು: "ಒಂದು ಸಾಲೂ ಬಿಡಬ್ಯಾಡ ಮತ್ತ, ನನಗ ಓದಾಕ ಬರೂದಿಲ್ಲ..." ಆಕೆಯ ಮಾತನ್ನು ಅವನು ಆಕೆಗೇ ಓದಿ ಹೇಳುತ್ತಿದ್ದ. ಇಡೀ ಬದುಕು ಅವನು ಓದಿದ್ದನ್ನು ಹೇಳಿದವಳು ಸುಮ್ಮನೆ ನಿಂತಳು. ಅವನು ಇನ್ನೊಮ್ಮೆ ಓದಿದ, ಮುಂದಿನ ಸಾಲಿನವರಿಗೆ ಕೇಳುವಷ್ಟು ಗಟ್ಟಿಯಾಗಿ. ಆಕೆ ಪತ್ರವನ್ನು ಪೂಜಾಳ ಕೈಗಿಟ್ಟು, "ಓದು" ಎಂದಳು. ಅಲ್ಲಿಗೆ ಬಿಟ್ಟಳು.

ಆ ಮಾತು ಯಾಕೆ ಹೇಳಲಿಲ್ಲ ಎಂದು ಬಸ್ ಸ್ಟ್ಯಾಂಡಿನಲ್ಲಿ ಕೇಳಿದೆ. "ಕೇಳಬೇಕಾದಾಂವ ಕೇಳ್ಯಾನ್ರಿ ಮಾಸ್ತರ. ಉಳದವರಿಗೆ ಯಾಕ ಹೇಳಲಿ" ಎಂದಳು. ಅದೇ ಆಕೆಯ ಕೊನೆಯ ಆಟ. ಉಳಿವೆಪ್ಪನೇ ಬೇರೆ ತಾಯಿಯನ್ನು ಹುಡುಕಿಕೊಂಡ. ಆ ಮಾತನ್ನು ಹೊಸ ತಾಯಿ ಭಾರಿ ಅತ್ತು ಹೇಳುತ್ತಾಳೆ, ಹೋದಲ್ಲೆಲ್ಲ ಚಪ್ಪಾಳೆ ಬೀಳುತ್ತದೆ. ನಾನು ಇನ್ನೂ ಅದಕ್ಕೆ ಪೇಟಿ ಬಾರಿಸುತ್ತಿದ್ದೇನೆ. ಬಿಟ್ಟು ಬಂದೆ ಎಂದು ಬರೆದುಕೊಳ್ಳಬಹುದಿತ್ತು, ಆದರೆ ಸುಳ್ಳಾಗುತ್ತದೆ.

ಈ ಬೇಸಿಗೆಯಲ್ಲಿ ನಾಟಕ ಪುಸ್ತಕವಾಗಿ ಬಂತು. ಒಂದು ಪ್ರತಿ ತೆಗೆದುಕೊಂಡು ಹಾನಗಲ್ಲಕ್ಕೆ ಹೋದೆ. ದುರಗವ್ವ ಖಾನಾವಳಿಯ ಹಿಂದೆ ಒಲೆಯ ಮುಂದೆ ಇದ್ದಳು. "ಓದ್ರಿ" ಎಂದಳು. ತಾಯಿಯ ದೃಶ್ಯ ಓದಿದೆ. ಆಕೆ ಅಂದ ಮಾತು ಅಂದ ಹಾಗೇ ಅಚ್ಚಾಗಿತ್ತು. ರೊಟ್ಟಿ ಬಡಿಯುತ್ತಲೇ ಕೇಳಿದಳು.

"ಮುಗೀತೇನ್ರಿ?" ಎಂದಳು.

ಮೊದಲ ಪುಟದಲ್ಲಿ ಇನ್ನೊಂದು ಸಾಲಿತ್ತು. ಅದು ಆಕೆಗೆ ಯಾಕೆ, ಸಾಕಷ್ಟು ಕೇಳಿದ್ದಾಳೆ, ಬಿಟ್ಟುಬಿಡೋಣ ಅನ್ನಿಸಿತು. ಪುಸ್ತಕ ಮುಚ್ಚಲು ಹೋದೆ. ಆಕೆ ಕೈ ನಿಲ್ಲಿಸಿ ನನ್ನ ಮುಖ ನೋಡಿದಳು. ಉಳಿವೆಪ್ಪನಿಗೂ ಅವತ್ತು ನೀರಿನ ಪೀಪಾಯಿಯ ಹತ್ತಿರ ಹೀಗೇ ಅನ್ನಿಸಿತ್ತೋ ಏನೋ. ನಾನು ಪುಟ ತಿರುಗಿಸಿ ಓದಿದೆ.

"ಈ ನಾಟಕದ ಪ್ರತಿಯೊಂದು ಮಾತೂ ಕವಿಯ ಸ್ವಂತದ್ದು. ಎಲ್ಲ ಹಕ್ಕುಗಳೂ ಕವಿಗೆ ಸೇರಿವೆ."

ದುರಗವ್ವ ಅದನ್ನು ಒಮ್ಮೆ ಹೇಳಿದಳು, ಒಂದು ಅಕ್ಷರವೂ ತಪ್ಪದೆ. ಆಮೇಲೆ ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದಳು.